ದ್ವೀಪದಲ್ಲಿ ದುಡಿದವರ ಲೆಕ್ಕ

ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದವರ ಕತೆ ಅಂದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಯಾರು ಬದುಕಿ ಉಳಿಯುತ್ತಾರೆ? ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಅದರ ನಂತರದ್ದು. ಉಳಿದ ಮೇಲೆ, ಉಳಿಸಿದ್ದು ಇಂಥವರು ಎಂದು ಹೇಳುವ ಬಾಯಿ ಯಾರದು?

ಸ್ಯಾಮ್ ರೈಮಿ ನಿರ್ದೇಶನದ ‘ಸೆಂಡ್ ಹೆಲ್ಪ್’ 2026ರ ಜನವರಿಯಲ್ಲಿ ತೆರೆಕಂಡ ಚಿತ್ರ. ಲಿಂಡಾ ಎಂಬಾಕೆ ಒಂದು ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದವಳು. ಹಳೆಯ ಯಜಮಾನ ಬಡ್ತಿ ಕೊಡುವ ಮಾತು ಕೊಟ್ಟಿದ್ದಾನೆ. ಅವನ ನಂತರ ಕುರ್ಚಿಗೆ ಬಂದ ಮಗ ಬ್ರಾಡ್ಲಿ ಆ ಹುದ್ದೆಯನ್ನು ತನ್ನ ಗೆಳೆಯನಿಗೆ ಕೊಡುತ್ತಾನೆ. ಕಂಪನಿ ಕೆಲಸಕ್ಕೆ ಹೊರಟ ವಿಮಾನ ಬಿದ್ದು, ಉಳಿಯುವುದು ಇವರಿಬ್ಬರೇ. ಅವನ ಕಾಲಿಗೆ ಪೆಟ್ಟು. ಇವಳಿಗೋ ಬೆಂಕಿ ಹಚ್ಚುವುದು, ನೀರು ಹುಡುಕುವುದು, ಮಾಡು ಕಟ್ಟುವುದು ಎಲ್ಲ ಗೊತ್ತು. ಟಿವಿಯ ಬದುಕುಳಿಯುವ ಸ್ಪರ್ಧೆಗಳ ಹುಚ್ಚಿನಿಂದ ಕಲಿತದ್ದು. ಆಫೀಸಿನಲ್ಲಿ ಅವಳನ್ನು ಕಂಡು ಮೂಗು ಮುರಿದವನು ಈಗ ಅವಳು ಕೊಟ್ಟರೆ ನೀರು, ಇಲ್ಲದಿದ್ದರೆ ಇಲ್ಲ. ಮುಂದಿನ ತಿರುವುಗಳನ್ನು ನೋಡುವವರಿಗೇ ಬಿಡುತ್ತೇನೆ.

ರೈಮಿ ಭಯವನ್ನೂ ನಗುವನ್ನೂ ಒಂದೇ ಬಾಣಲೆಯಲ್ಲಿ ಹುರಿಯಬಲ್ಲ ನಿರ್ದೇಶಕ. ಲಿಂಡಾ ಪಾತ್ರದ ರೇಚೆಲ್ ಮೆಕ್ಆಡಮ್ಸ್ ಆ ಬಾಣಲೆಯ ಕಾವನ್ನು ಚೆನ್ನಾಗಿ ತಡೆದುಕೊಂಡಿದ್ದಾರೆ. ಮೇಲಧಿಕಾರಿಯ ಕೈಯಲ್ಲಿ ಒಮ್ಮೆಯಾದರೂ ಹಲ್ಲು ಕಚ್ಚಿ ನಿಂತವರಿಗೆ ಚಿತ್ರ ಖುಷಿ ಕೊಡುತ್ತದೆ. ಆದರೆ ಆ ಖುಷಿ ಸೇಡಿನದು. ಲಿಂಡಾ ಇಷ್ಟು ವರ್ಷ ಮಾಡಿದ ಕೆಲಸದ ಲೆಕ್ಕವನ್ನು ಯಾರೂ ತೆಗೆಯುವುದಿಲ್ಲ. ತಿರುಗೇಟು ಕೊಟ್ಟರೆ ಬಾಕಿ ಚುಕ್ತಾ ಆಯಿತು ಎಂಬ ಭಾವನೆ ಹುಟ್ಟಿಸುವ ಚಿತ್ರ ಇದು. ಅದರ ಅಡಿಯಲ್ಲಿ ಇನ್ನೊಂದು ನಂಬಿಕೆಯೂ ಇದೆ: ಮರಳಿನ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಹುದ್ದೆ, ಸಂಬಳ, ಕುರ್ಚಿ ಎಲ್ಲ ನೀರಲ್ಲಿ ಮುಳುಗಿ ಹೋಗುತ್ತವೆ, ಕೈ ಕೆಲಸ ಬಲ್ಲವರೇ ಒಡೆಯರಾಗುತ್ತಾರೆ ಎಂಬುದು.

ಈ ನಂಬಿಕೆ ಹಳೆಯದು. ಜೆ.ಎಂ. ಬ್ಯಾರಿಯ ‘ದಿ ಅಡ್ಮಿರಬಲ್ ಕ್ರೈಟನ್’ ನಾಟಕ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1902ರಲ್ಲಿ. ಶ್ರೀಮಂತ ಕುಟುಂಬವೊಂದು ದ್ವೀಪದಲ್ಲಿ ಸಿಕ್ಕಿಕೊಂಡಾಗ ಮನೆಯ ಬಟ್ಲರ್ ಕ್ರೈಟನ್ ಎಲ್ಲರ ನಾಯಕನಾಗುತ್ತಾನೆ. ರಕ್ಷಣೆಯ ಹಡಗು ಬಂದ ಮೇಲೆ ಮತ್ತೆ ಬಟ್ಲರ್ ಆಗುತ್ತಾನೆ. ನಾಟಕದ ನಿಜವಾದ ಚಾಟಿಯೇಟು ಇರುವುದು ಕೊನೆಯಲ್ಲಿ: ಊರಿಗೆ ಮರಳಿದ ಯಜಮಾನರ ಪೈಕಿ ಒಬ್ಬ ದ್ವೀಪದ ಅನುಭವದ ಬಗ್ಗೆ ಪುಸ್ತಕ ಬರೆಯುತ್ತಾನೆ, ಅದರಲ್ಲಿ ಸಾಹಸವೆಲ್ಲ ಅವನದೇ. ದುಡಿದವನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಾನೆ. ಬ್ಯಾರಿ ಕ್ರಾಂತಿಕಾರಿ ಏನಲ್ಲ. ಆದರೂ ಇವತ್ತಿನ ಚಿತ್ರ ಕೇಳದ ಪ್ರಶ್ನೆಯನ್ನು ಆತ ನಗುತ್ತಲೇ ಕೇಳಿದ್ದ.

1902 ಎಂದರೆ ಬೆಳಕವಾಡಿ ಕಡೆಯವರಿಗೆ ಬೇರೊಂದು ದ್ವೀಪ ನೆನಪಾಗಬೇಕು. ನಮಗೆ ಶಿವನಸಮುದ್ರ ದೂರವಲ್ಲ. ಕಾವೇರಿ ಇಬ್ಭಾಗವಾಗಿ ಹರಿದು, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವ ಆ ನಡುಗಡ್ಡೆಯ ಪಕ್ಕದಲ್ಲಿ ಆ ವರ್ಷದ ಜೂನ್ 30ರಂದು ವಿದ್ಯುತ್ ಹರಿಯಿತು. ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಹೆಸರು ಉಳಿಯಿತು, ಎಂಜಿನಿಯರ್ ಲಾಟ್ಬಿನಿಯೇರ್ ಹೆಸರೂ ಉಳಿಯಿತು, ಉಳಿಯಬೇಕಾದ ಹೆಸರುಗಳೇ. ಬಂಡೆ ಒಡೆದು ಕಾಲುವೆ ತೋಡಿದ, ಕಣಿವೆಗೆ ಕೊಳವೆ ಇಳಿಸಿದ ಕೂಲಿಯವರನ್ನು ಮಾತ್ರ ನಾವು ಹೆಸರು ಹಿಡಿದು ಕರೆಯುವುದಿಲ್ಲ. ಊರ ಹೆಸರಲ್ಲೇ ಬೆಳಕು ಇಟ್ಟುಕೊಂಡವರು ಇಷ್ಟನ್ನಾದರೂ ಯೋಚಿಸಬೇಕು.

ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಬಿಟ್ಟೂ ಬಿಡದೆ ಕೇಳಿದ ಚಿತ್ರ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002). ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ, ನಟಿ ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅವರ ಮಳೆ ನಿಜಕ್ಕೂ ಮೈ ಒದ್ದೆ ಮಾಡುತ್ತದೆ. ಹಿನ್ನೆಲೆಯ ಅಲಂಕಾರವಾಗಿ ಸುರಿಯುವ ಮಳೆಯಲ್ಲ ಅದು. ಒಲೆ ಹೊತ್ತಿಸಲು ಬಿಡದ, ಗೋಡೆಯನ್ನು ನೆನೆಸಿ ಕೆಡಹುವ ಮಳೆ.

ಇಲ್ಲಿ ಹಡಗು ಒಡೆಯುವುದಿಲ್ಲ, ವಿಮಾನ ಬೀಳುವುದಿಲ್ಲ. ಅಣೆಕಟ್ಟು ಏಳುತ್ತದೆ. ಪರಿಹಾರ ಪಡೆದ ಊರವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಾರೆ. ಬೆಟ್ಟದ ಮೇಲಿನ ದೇವರ ಪೂಜೆ ಮಾಡಿಕೊಂಡಿರುವ ಗಣಪ, ಅವನ ಹೆಂಡತಿ ನಾಗಿ, ಮುದುಕ ದುಗ್ಗಜ್ಜ ಉಳಿಯುತ್ತಾರೆ. ಮನೆ, ಜಮೀನನ್ನು ಅಳೆದು ಇಷ್ಟು ಎಂದು ಬರೆಯುವುದು ಸರ್ಕಾರಕ್ಕೆ ಗೊತ್ತು. ಪೂಜಾರಿ ಎಂಬ ಮರ್ಯಾದೆಗೆ ಎಷ್ಟು ಎಂದು ಯಾವ ಕಾಗದದಲ್ಲೂ ಇಲ್ಲ. ಸ್ವತಃ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡಿದ್ದ ಡಿಸೋಜ ಅವರಿಗೆ ಈ ಕಾಗದಗಳ ಭಾಷೆ ಚೆನ್ನಾಗಿ ಗೊತ್ತಿತ್ತು. ಈ ದ್ವೀಪ ನಿರ್ಜನವಾಗಿ ಸಿಕ್ಕದ್ದಲ್ಲ, ನಿರ್ಜನ ಮಾಡಿದ್ದು. ಶರಾವತಿ ಹಿನ್ನೀರಿನ ತುಮರಿ ಕಡೆಯ ಜನ ಲಾಂಚು ಕಾಯುತ್ತ ದಶಕಗಳನ್ನೇ ಕಳೆದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅದೇ ವರ್ಷದ ಜನವರಿಯಲ್ಲಿ ಡಿಸೋಜ ತೀರಿಕೊಂಡಿದ್ದರು.

ಭಕ್ತರಿಲ್ಲದ ಬೆಟ್ಟದಲ್ಲಿ ಪೂಜಾರಿ, ನೌಕರರಿಲ್ಲದ ಮರಳಲ್ಲಿ ಬಾಸು. ಇಬ್ಬರ ಪಾಡೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸೀತು. ಆದರೆ ಬ್ರಾಡ್ಲಿಯ ಅಧಿಕಾರ ಕರಗಿದಂತೆ ಗಣಪನದು ಕರಗುವುದಿಲ್ಲ. ಅದಕ್ಕೆ ಊರು ಬೇಕಿಲ್ಲ, ಒಬ್ಬಳು ಹೆಂಡತಿ ಇದ್ದರೆ ಸಾಕು. ಮಾಡು ಸೋರದಂತೆ, ಬೆಂಕಿ ಆರದಂತೆ, ಅನ್ನ ತಪ್ಪದಂತೆ ನಾಗಿ ಒದ್ದಾಡುತ್ತಾಳೆ. ಅವಳು ಮನೆಯನ್ನು ಎತ್ತಿ ಹಿಡಿದಷ್ಟೂ ಅವಳ ಸ್ಥಾನ ಒಂದು ಗೇಣು ಮೇಲೇಳುವುದಿಲ್ಲ. ಮೇಲುಕೀಳು ಎಂಬುದು ದೋಣಿಯಲ್ಲಿ ನಮ್ಮ ಜೊತೆಗೇ ಬರುತ್ತದೆ, ಗಂಟಿನೊಳಗೆ ಕೂತು. ‘ಸೆಂಡ್ ಹೆಲ್ಪ್’ನ ಇಡೀ ಆಟವೇ ನಿಂತಿರುವ ನಂಬಿಕೆಯನ್ನು ಕಾಸರವಳ್ಳಿ ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ, ದನಿ ಏರಿಸದೆ ಕಿತ್ತಿಟ್ಟಿದ್ದರು.

ನಡುವೆ ನೆರವಿಗೆ ಬರುವ ಕೃಷ್ಣನ ಭಾಗದ ಬಗ್ಗೆ ಒಂದು ಮಾತು. ಗಂಡ, ಹೆಂಡತಿ, ಹೊರಗಿನಿಂದ ಬಂದ ನಗೆಮುಖದ ಹುಡುಗ, ಗಂಡನಿಗೆ ಅನುಮಾನ: ಈ ತ್ರಿಕೋನ ನಮ್ಮ ಸಿನಿಮಾಗಳಲ್ಲಿ ಸವೆದುಹೋದದ್ದು, ಚಿತ್ರ ಇಲ್ಲಿ ಕೊಂಚ ಸಡಿಲವಾಗುತ್ತದೆ ಎಂದು ಮೊದಲು ನೋಡಿದಾಗ ಅನ್ನಿಸುವುದು ಸಹಜ. ಗಣಪನ ಮುಖ ನೋಡುತ್ತ ಹೋದರೆ ಬೇರೆಯದು ಕಾಣುತ್ತದೆ. ಕೃಷ್ಣ ನಾಗಿಯ ಜೊತೆಗೆ ಕೈ ಸೇರಿಸಿ ದುಡಿಯುತ್ತಾನೆ. ಹಾಗಾಗಿ ಅವಳ ಕೆಲಸ ಅವನ ಕಣ್ಣಿಗೆ ಕಾಣುತ್ತದೆ. ಗಣಪನನ್ನು ಒಳಗೊಳಗೇ ಸುಡುವುದು ಹೆಂಡತಿಯ ನಡತೆಯ ಶಂಕೆಗಿಂತ ಹೆಚ್ಚಾಗಿ ಇದೇ ಎಂದು ನಾನು ಓದುತ್ತೇನೆ: ಅವಳ ದುಡಿಮೆಗೆ ಒಬ್ಬ ಸಾಕ್ಷಿ ಹುಟ್ಟಿದ್ದಾನೆ. ಅವಿನಾಶ್ ಈ ಕಿರಿಕಿರಿಯನ್ನು ಮಾತಿಗಿಂತ ಮೌನದಲ್ಲೇ ಹೆಚ್ಚು ತೋರಿಸಿದ್ದಾರೆ. ಖಳನಂತೆ ಒಂದು ಕ್ಷಣವೂ ನಟಿಸದಿರುವುದು ಅವರ ದೊಡ್ಡತನ. ಗಣಪ ಕೆಟ್ಟವನಲ್ಲ, ನಮ್ಮ ಮನೆಗಳಲ್ಲಿ ಓಡಾಡುವ ಯಾವ ಗಂಡಸೂ ಆಗಬಹುದಾದವನು.

ಕೊನೆಗೆ ಮಳೆ ನಿಲ್ಲುತ್ತದೆ, ಅವರು ಬದುಕಿದ್ದಾರೆ. ಗಣಪನ ಪ್ರಕಾರ ಕಾಪಾಡಿದ್ದು ದೇವರು. ಮನುಷ್ಯರ ಕೈಯೂ ಇತ್ತು ಎಂಬ ನಾಗಿಯ ಮಾತು ಅವನ ಕಿವಿಗೆ ಬೀಳುವುದಿಲ್ಲ. ಬ್ಯಾರಿಯ ಯಜಮಾನ ಪುಸ್ತಕ ಬರೆದು ಶ್ರೇಯಸ್ಸನ್ನು ತನ್ನ ಖಾತೆಗೆ ಹಾಕಿಕೊಂಡ. ಗಣಪ ಅದನ್ನು ದೇವರ ಖಾತೆಗೆ ಜಮಾ ಮಾಡುತ್ತಾನೆ. ಇದು ಇನ್ನೂ ಕಠಿಣ. ಮನುಷ್ಯ ಕದ್ದರೆ ಕಳ್ಳ ಎನ್ನಬಹುದು, ದೇವರ ಹೆಸರಿಗೆ ಬರೆದದ್ದನ್ನು ತನ್ನದೆಂದು ಕೇಳಿದವಳೇ ಅಹಂಕಾರಿಯಾಗುತ್ತಾಳೆ.

ರೂಬೆನ್ ಓಸ್ಟ್ಲಂಡ್‌ನ ‘ಟ್ರಯಾಂಗಲ್ ಆಫ್ ಸ್ಯಾಡ್ನೆಸ್’ (2022) ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಗೆದ್ದ ಚಿತ್ರ. ವಿಲಾಸಿ ಹಡಗಿನ ಶೌಚಾಲಯ ನೋಡಿಕೊಳ್ಳುತ್ತಿದ್ದ ಅಬಿಗೇಲ್, ದ್ವೀಪದಲ್ಲಿ ಮೀನು ಹಿಡಿಯಬಲ್ಲವಳು ತಾನೊಬ್ಬಳೇ ಆದ್ದರಿಂದ, ಎಲ್ಲರ ಬಾಯಲ್ಲಿ ತನ್ನನ್ನು ಕ್ಯಾಪ್ಟನ್ ಎಂದು ಕರೆಸಿಕೊಳ್ಳುತ್ತಾಳೆ. ಕೊನೆಯಲ್ಲಿ ಬಂಡೆಯ ಮರೆಯಲ್ಲಿ ರೆಸಾರ್ಟ್ ಒಂದರ ಲಿಫ್ಟ್ ಕಾಣಿಸುತ್ತದೆ. ಅದರ ಬಾಗಿಲು ತೆರೆದರೆ ತಾನು ಮತ್ತೆ ಶೌಚಾಲಯಕ್ಕೇ ಎಂದು ತಿಳಿದ ಅಬಿಗೇಲ್ ಕೈಗೆ ಕಲ್ಲು ಎತ್ತಿಕೊಳ್ಳುತ್ತಾಳೆ. ಆ ಕಲ್ಲು ಬೀಳುತ್ತದೋ ಇಲ್ಲವೋ ಓಸ್ಟ್ಲಂಡ್ ಹೇಳುವುದಿಲ್ಲ. ಅವಳಿಗೆ ಕಳೆದುಕೊಳ್ಳಲು ಕೆಲವು ದಿನಗಳ ಕ್ಯಾಪ್ಟನ್‌ಗಿರಿಯಾದರೂ ಇತ್ತು. ನಾಗಿಗೆ ದ್ವೀಪವೂ ಒಂದೇ, ದಡವೂ ಒಂದೇ. ಮಳೆ ನಿಂತಿದ್ದರೆ ಒದ್ದೆ ಸೌದೆ ಬಿಸಿಲಿಗೆ ಹರಡಬೇಕು, ಹರಡುವವಳು ಅವಳೇ.