‘ಆದ್ದರಿಂದ’ ಎಂಬ ಮಾತು

ಕೆಲವು ವರ್ಷಗಳ ಹಿಂದೆ ಒಂದು ಮಾಧ್ಯಮಿಕ ಶಾಲೆಯ ಪ್ರಬಂಧಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಬರೆದವರು ಏಳನೆಯ ತರಗತಿಯ ಮಕ್ಕಳು. ವಿಷಯ, ‘ಶಾಲೆಗೆ ಮೊಬೈಲ್ ಫೋನು ತರಬಹುದೆ?’ ಅಂದು ನಾನು ಕೊಟ್ಟ ತೀರ್ಪು ತಪ್ಪೆಂದು ಈಗ ನನಗೆ ಮನವರಿಕೆಯಾಗಿದೆ. ಆ ತಪ್ಪನ್ನೇ ನೆಪವಾಗಿಟ್ಟುಕೊಂಡು, ನಮ್ಮ ವಿಮರ್ಶಕರು ಕಣ್ಣೆತ್ತಿಯೂ ನೋಡದ ಒಂದು ಬರಹದ ಜಾತಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಶಾಲೆಯ ಪ್ರಬಂಧಕ್ಕೂ ವಿಮರ್ಶೆಯೆ ಎಂದು ಓದುಗರು ನಗಬಾರದು. ನಮ್ಮಲ್ಲಿ ಬಹುಮಂದಿ ಜೀವಮಾನದಲ್ಲಿ ಬರೆದ ಗದ್ಯವೆಲ್ಲ ಅದೇ ತಾನೆ!

ನಾನು ಮೊದಲ ಬಹುಮಾನ ಕೊಟ್ಟ ಪ್ರಬಂಧ ಮೂರು ಪುಟದ್ದು; ಮುತ್ತು ಪೋಣಿಸಿದಂಥ ಅಕ್ಷರ. ವಿಜ್ಞಾನ ವರವೂ ಹೌದು ಶಾಪವೂ ಹೌದು. ನಾಣ್ಯಕ್ಕೆ ಎರಡು ಮುಖ. ಅತಿಯಾದರೆ ಅಮೃತವೂ ವಿಷ. ಆದ್ದರಿಂದ ಮೊಬೈಲನ್ನು ಹಿತಮಿತವಾಗಿ ಬಳಸೋಣ. ಶಾಲೆಗೆ ತರಬಹುದೋ ಬಾರದೋ ಎಂಬುದೊಂದನ್ನು ಮಾತ್ರ ಅದು ಹೇಳಿರಲಿಲ್ಲ.

ಇನ್ನೊಂದು ಅರ್ಧ ಪುಟ, ಒತ್ತಕ್ಷರಗಳೆಲ್ಲ ತಪ್ಪು. ಅದರ ಸಾರಾಂಶ ಇಷ್ಟು: ಫೋನು ತರಲು ಬಿಡಬೇಕು. ನಮ್ಮ ಮನೆ ಊರ ಹೊರಗಿದೆ. ಸಂಜೆಯ ಬಸ್ಸು ತಪ್ಪಿದರೆ ಅಮ್ಮನಿಗೆ ತಿಳಿಸಲು ದಾರಿಯಿಲ್ಲ. ಮಳೆಗಾಲದಲ್ಲಿ ಎರಡು ಸಲ ಹಾಗಾಯಿತು. ಪಾಠದ ಹೊತ್ತಿನಲ್ಲಿ ಫೋನಿದ್ದರೆ ಗಮನ ಕೆಡುತ್ತದೆ ಎಂದು ಮೇಷ್ಟ್ರು ಹೇಳುವುದು ನಿಜ. ಆದ್ದರಿಂದ ಬೆಳಿಗ್ಗೆ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಸಂಜೆ ಕೊಡಲಿ. ಇದಕ್ಕೆ ನಾನು ಸಮಾಧಾನಕರ ಬಹುಮಾನವನ್ನೂ ಕೊಡಲಿಲ್ಲ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿಯೂ ‘ಆದ್ದರಿಂದ’ ಎಂಬ ಮಾತು ಇದೆ. ಮೊದಲನೆಯದರಲ್ಲಿ ಅದು ಅಲಂಕಾರ, ಎರಡನೆಯದರಲ್ಲಿ ದುಡಿಮೆ. ವಾದದ ಬರವಣಿಗೆಯ ಮೂಲಪಾಠವೆಲ್ಲ ಈ ವ್ಯತ್ಯಾಸದಲ್ಲಿದೆ.

ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಗೌತಮನ ನ್ಯಾಯಸೂತ್ರ ವಾದಕ್ಕೆ ಐದು ಅವಯವಗಳನ್ನು ಹೇಳಿದೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟದಲ್ಲಿಯೂ ಅಂಥದೇ ಹೊಗೆ, ಆದ್ದರಿಂದ ಬೆಂಕಿಯಿದೆ. ಇಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಡುಗೆಮನೆ. ದೊಡ್ಡ ಸಿದ್ಧಾಂತಕ್ಕೆ ಆಧಾರವಾಗಿ ಎಲ್ಲರೂ ದಿನವೂ ಕಾಣುವ ಒಲೆಯನ್ನು ತೋರಿಸುವ ಧೈರ್ಯ ಅದು. 1958ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಟೂಲ್ಮಿನ್ ವಾದದ ಬಳಕೆಗಳನ್ನು ಕುರಿತು ಬರೆದ ಪುಸ್ತಕದಲ್ಲಿಯೂ ಪ್ರಶ್ನೆ ಹತ್ತಿರದ್ದೇ: ನಿನ್ನ ಮಾತಿಗೆ ಆಧಾರವೇನು, ಆಧಾರದಿಂದ ಮಾತಿಗೆ ದಾಟಲು ನಿನಗೆ ಅಪ್ಪಣೆ ಕೊಟ್ಟವರಾರು? ನಮ್ಮ ಹುಡುಗನ ತಪ್ಪಿಹೋದ ಬಸ್ಸೇ ಅವನ ಅಡುಗೆಮನೆ.

ಬಹುಮಾನದ ಪ್ರಬಂಧದಲ್ಲಿ ಅಡುಗೆಮನೆಯ ಜಾಗದಲ್ಲಿ ಗಾದೆಗಳಿದ್ದವು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬುದೂ ಗಾದೆ. ‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬುದೂ ಗಾದೆ. ಎರಡು ಕಡೆಗೂ ಸಾಕ್ಷಿ ಹೇಳುವವನನ್ನು ಯಾವ ನ್ಯಾಯಾಲಯ ನಂಬೀತು? ಗಾದೆ ಮಾತಿಗೆ ರುಚಿ ಕೊಡುತ್ತದೆ, ಸಾಕ್ಷ್ಯ ಕೊಡುವುದಿಲ್ಲ.

ಇನ್ನೊಂದು ಗುಣ ಪೂರ್ವಪಕ್ಷ. ಎದುರಾಳಿಯ ಮಾತನ್ನು ಮೊದಲು ಸರಿಯಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು ನಮ್ಮ ಭಾಷ್ಯಕಾರರ ಪದ್ಧತಿ. ಆ ಹುಡುಗ ಅದನ್ನು ಯಾರಿಂದಲೂ ಕಲಿತವನಲ್ಲ. ಮೇಷ್ಟ್ರ ಮಾತು ನಿಜವೆಂದು ಒಪ್ಪಿದ. ಒಪ್ಪಿದ್ದಕ್ಕಾಗಿ ತನ್ನ ಬೇಡಿಕೆಯನ್ನು ಬೀಗ ಹಾಕುವಷ್ಟು ತಗ್ಗಿಸಿದ. ಅಷ್ಟರಿಂದ ಅವನ ವಾದ ದುರ್ಬಲವಾಗಲಿಲ್ಲ, ಗಟ್ಟಿಯಾಯಿತು.

ಈ ವಯಸ್ಸಿಗೆ ತರ್ಕ ಭಾರವೆಂದು ಕೆಲವು ಉಪಾಧ್ಯಾಯರು ಹೇಳುತ್ತಾರೆ. ಅವರ ತೊಂದರೆ ನನಗೆ ಗೊತ್ತು: ತುಂಬಿದ ತರಗತಿ, ತಿದ್ದಬೇಕಾದ ಪುಸ್ತಕಗಳ ರಾಶಿ, ನೆತ್ತಿಯ ಮೇಲೆ ಪರೀಕ್ಷೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಗೂಡು ತೋರಿಸಿದರೆ ಅಂಕವಾದರೂ ಬರುತ್ತದೆ. ಆದರೆ ಐಸ್‌ಕ್ಯಾಂಡಿಗಾಗಿ ತಾಯಿಯೊಡನೆ ವಾದಿಸುವ ಮಗುವನ್ನು ನೋಡಿ. ‘ಹೋದ ವಾರ ಅಣ್ಣನಿಗೆ ಕೊಡಿಸಿದೆಯಲ್ಲ’ ಎನ್ನುತ್ತದೆ, ಅದು ಉದಾಹರಣೆ. ‘ಕೆಮ್ಮು ಈಗ ಹೋಗಿದೆ’ ಎನ್ನುತ್ತದೆ. ಅದು ಪೂರ್ವಪಕ್ಷಕ್ಕೆ ಉತ್ತರ. ತರ್ಕವನ್ನು ಮಗು ಮನೆಯಿಂದಲೇ ತರುತ್ತದೆ. ನಾವು ಅದನ್ನು ಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಡಿಸಿ, ಒಳಗೆ ಸುಭಾಷಿತ ಬರೆಸುತ್ತೇವೆ.

ಇದರ ಫಲ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ನ್ಯಾಯಶಾಸ್ತ್ರ ಚರ್ಚೆಯಲ್ಲಿ ಮೂರು ಬಗೆ ಹೇಳಿದೆ: ಸತ್ಯಕ್ಕಾಗಿ ವಾದ, ಗೆಲುವಿಗಾಗಿ ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಕೆಡಹುವುದಕ್ಕಾಗಿಯೇ ವಿತಂಡ. ಸಂಜೆ ಟೆಲಿವಿಷನ್ ಹಾಕಿದರೆ ಕೊನೆಯ ಎರಡಕ್ಕೆ ಬರವಿಲ್ಲ. ಮೊದಲನೆಯದನ್ನು ಹನ್ನೆರಡರ ವಯಸ್ಸಿನಲ್ಲಿ ಕಲಿಸದೆ ನಲವತ್ತರಲ್ಲಿ ಹುಡುಕಿದರೆ ಸಿಕ್ಕೀತೆ?

ಆ ಹುಡುಗ ಸ್ಪರ್ಧೆಯನ್ನು ಮರೆತಿರಬಹುದು. ಮರೆಯದೆ, ಕಾರಣ ಕೊಟ್ಟು ಬರೆದರೆ ಬಹುಮಾನ ಬರುವುದಿಲ್ಲವೆಂಬ ಪಾಠವನ್ನು ಕಲಿತಿದ್ದರೆ, ಅದನ್ನು ಕಲಿಸಿದವನು ನಾನು. ಈಗ ಯಾವ ಮಗುವಿನ ಪ್ರಬಂಧ ಕೈಗೆ ಬಂದರೂ ಮೊದಲು ‘ಆದ್ದರಿಂದ’ ಎಲ್ಲಿದೆಯೆಂದು ಹುಡುಕಿ, ಅಲ್ಲಿ ಬೆರಳಿಟ್ಟು ಮೇಲಕ್ಕೆ ಓದುತ್ತೇನೆ. ಒತ್ತಕ್ಷರಗಳನ್ನು ಆಮೇಲೆ ತಿದ್ದಿದರಾಯಿತು.