ಟ್ಯಾಲಿ ಮತ್ತು ಕೇಶ್ವಾಪುರದ ಕಿರ್ದಿ

ಸಣ್ಣ ವ್ಯಾಪಾರಕ್ಕೆ ಕಂಪ್ಯೂಟರ್ ತಂದ ಕೀರ್ತಿ ಕರ್ನಾಟಕದಲ್ಲಿ ಟ್ಯಾಲಿಗೆ ಸಲ್ಲುತ್ತ ಬಂದಿದೆ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಬೆಂಗಳೂರಿನ ಕಂಪನಿಯ ಈ ತಂತ್ರಾಂಶ, 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಹುಬ್ಬಳ್ಳಿಯ ಕೇಶ್ವಾಪುರದಂಥ ಬಡಾವಣೆಯ ಔಷಧ, ಬಟ್ಟೆ, ಹಾರ್ಡ್‌ವೇರ್ ಅಂಗಡಿಗಳಿಗೂ ಬೇಕಾಯಿತು. ಆ ಕೀರ್ತಿಯಲ್ಲಿ ಅರ್ಧ ಮಾತ್ರ ನ್ಯಾಯವಾದದ್ದು. ಕಂಪ್ಯೂಟರಿಗೆ ಏರಿದ್ದು ತೆರಿಗೆಯ ಲೆಕ್ಕ. ಅಂಗಡಿಯ ವ್ಯವಹಾರ ಬಹುಪಾಲು ಹೊರಗೇ ಉಳಿದಿದೆ.

ಟ್ಯಾಲಿಯ ಗುಣಗಳು ಗೊತ್ತಿರುವಂಥವೇ. ಖಾತೆಗೆ ಸಂಕೇತ ಸಂಖ್ಯೆ ಬೇಡ, ಹೆಸರು ಸಾಕು. ನಮೂದಾದ ಕೂಡಲೇ ತಾಳೆಪಟ್ಟಿ ಸಿದ್ಧ. ಕೂಲಂಕಷವಾಗಿ ನೋಡಬೇಕಾದದ್ದು ಇನ್ನೊಂದು ಅನುಕೂಲವನ್ನು: ಹಳೆಯ ವೋಚರ್ ತಿದ್ದುವ ಸಲೀಸು. ಟ್ಯಾಲಿಗೆ ಮುಂಚಿನ ಕಿರ್ದಿ ದಿನದ ಕ್ರಮದಲ್ಲಿ ಕೈಯಲ್ಲಿ ಬರೆಯುವ ಪುಸ್ತಕ. ನಿನ್ನೆಯ ಶಿಲ್ಕನ್ನು ಇಂದಿನ ಪುಟಕ್ಕೆ ಎತ್ತಿಕೊಂಡ ಮೇಲೆ ನಡುವೆ ಒಂದು ರಕಮು ತೂರಿಸಲು ಜಾಗವಿಲ್ಲ. ಹೊಡೆದುಹಾಕಿದ ಅಂಕಿಯೂ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಅಂಗಡಿ ಮುಚ್ಚುವ ಮುನ್ನ ಗಲ್ಲಾ ಎಣಿಸಿ ತಾಳೆ ನೋಡಲೇಬೇಕಿತ್ತು. ಟ್ಯಾಲಿಯಲ್ಲಿ ಮೂರು ತಿಂಗಳ ಹಿಂದಿನ ತಾರೀಖಿಗೂ ನಮೂದು ಹಾಕಬಹುದು, ಮೊತ್ತ ಬದಲಿಸಬಹುದು. ಮುಂದಿನ ಬಾಕಿಗಳೆಲ್ಲ ತಾವೇ ಸರಿಹೊಂದುತ್ತವೆ. ಇದರಿಂದ ದಿನದ ಲೆಕ್ಕವನ್ನು ಆ ದಿನವೇ ಬರೆಯುವ ಒತ್ತಾಯ ಹೋಯಿತು. ಬಿಲ್ಲುಗಳ ಕಟ್ಟು ಅರೆಕಾಲಿಕ ಅಕೌಂಟೆಂಟರ ಕೈ ಸೇರುತ್ತದೆ. ರಿಟರ್ನ್ ಗಡುವಿನ ಹೊತ್ತಿಗೆ ಎಲ್ಲವೂ ಒಮ್ಮೆಗೇ ಏರುತ್ತವೆ. ಯಾರ ಉದ್ರಿ ಎಷ್ಟು, ಯಾವ ಸರಕು ಖರ್ಚಾಗದೆ ಕುಂತಿದೆ ಎಂಬುದು ಮಾಲೀಕರ ನೆನಪಿನಲ್ಲೇ ಉಳಿಯುತ್ತದೆ. ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ, ಆದರೆ ಕಂಪನಿಗಳಿಗೆ ಮಾತ್ರ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಆ ನಿಯಮ ತಾಗುವುದಿಲ್ಲ.

ಅಭಿವೃದ್ಧಿಶೀಲ ದೇಶಗಳಲ್ಲಿ ಮಾಹಿತಿ ವ್ಯವಸ್ಥೆಗಳು ಸೋಲುವುದು ವಿನ್ಯಾಸಕ್ಕೂ ವಾಸ್ತವಕ್ಕೂ ಇರುವ ಅಂತರದಿಂದ ಎಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ಹೀಕ್ಸ್ 2002ರಲ್ಲಿ ವಾದಿಸಿದರು. ಈ ಅಳತೆಗೋಲಿನಲ್ಲಿ, ವ್ಯಾಪಾರಿಯ ರೂಢಿಗೆ ಒಗ್ಗಿದ ಟ್ಯಾಲಿ ಗೆಲುವಿನ ಮಾದರಿಯಾಗುತ್ತದೆ. ಅಳತೆಗೋಲಿನ ಕೊರತೆ ಅಲ್ಲೇ ಇದೆ: ರೂಢಿಗೆ ಪೂರ್ತಿ ಒಗ್ಗಿದ ವ್ಯವಸ್ಥೆ ರೂಢಿಯ ಸಡಿಲನ್ನೂ ಬೆಳೆಸುತ್ತದೆ. ತೊಡಕೆಲ್ಲ ವ್ಯಾಪಾರಿಯ ಅಜ್ಞಾನದ್ದು, ಭಾಷೆಯದು ಎನ್ನುವವರ ಮಾತೂ ನಿಲ್ಲುವುದಿಲ್ಲ. 2006ರ ಟ್ಯಾಲಿ 9ರಲ್ಲಿ ಕನ್ನಡವಿತ್ತು. ಯುಪಿಐ ಬಂದಾಗ ಅದೇ ವ್ಯಾಪಾರಿಗಳು ಕ್ಯೂಆರ್ ಕೋಡನ್ನು ತಾವಾಗಿಯೇ ತಂದಿಟ್ಟುಕೊಂಡರು.

ಆಯಾ ದಿನದ ಲೆಕ್ಕ ಇಲ್ಲದಿರುವುದರ ಬೆಲೆ 2025ರ ಜುಲೈನಲ್ಲಿ ತಿಳಿಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು ಸುಮಾರು 29 ಲಕ್ಷ ರೂಪಾಯಿಯದು. ತಾಜಾ ತರಕಾರಿಗೆ ತೆರಿಗೆಯಿಲ್ಲ. ಬಂದ ಹಣದ ಲೆಕ್ಕ ಬ್ಯಾಂಕಿನಲ್ಲಿರುತ್ತದೆ. ಯಾವ ಸರಕು ಮಾರಿ ಅದು ಬಂತೆಂದು ಹೇಳಬಲ್ಲದ್ದು ಅಂಗಡಿಯ ಲೆಕ್ಕವೊಂದೇ.

ಟ್ಯಾಲಿ ಒಳ್ಳೆಯ ತಂತ್ರಾಂಶ; ಸಣ್ಣ ಅಂಗಡಿಯನ್ನು ಗಣಕೀಕರಿಸಿದ ಬಿರುದಿಗೆ ಇನ್ನೂ ಅರ್ಹವಲ್ಲ. ತಿದ್ದುಪಡಿಯ ಜಾಡು ಉಳಿಸುವ ಎಡಿಟ್ ಲಾಗ್ ಚಾಲೂ ಇಟ್ಟು, ಆಯಾ ದಿನದ ನಮೂದನ್ನು ಆಯಾ ದಿನವೇ ಹಾಕುವ ಅಂಗಡಿಯಲ್ಲಿ ಮಾತ್ರ ಅದು ಕಿರ್ದಿಯ ಜಾಗ ತುಂಬಬಲ್ಲದು.