ಆಸ್ಪತ್ರೆ ನಿಂತರಷ್ಟೇ ಸಾಲದು

ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯಿತು. ಮತ್ತೆ ಕಟ್ಟುವಾಗ ಕಾಂಕ್ರೀಟು, ಉಕ್ಕಿನ ಗೋಡೆಗಳಿಂದ ಅಲುಗದಂತೆ ಬಿಗಿ ಮಾಡಿದರು. 1994ರ ಜನವರಿ 17ರಂದು ನಾರ್ತ್‌ರಿಡ್ಜ್ ಭೂಕಂಪ ಬಂದಾಗ ಕಟ್ಟಡವೇನೋ ಗಟ್ಟಿಯಾಗಿ ನಿಂತಿತು. ಆದರೆ ನೆಲದ ಮಟ್ಟದಲ್ಲಿ ಗುರುತ್ವದ ಸುಮಾರು 0.9ರಷ್ಟಿದ್ದ ಅಲುಗಾಟ ಚಾವಣಿ ಮುಟ್ಟುವ ಹೊತ್ತಿಗೆ ಎರಡು ಪಟ್ಟನ್ನೂ ಮೀರಿತ್ತು. ನೀರಿನ ಕೊಳವೆಗಳು ಒಡೆದು ವಾರ್ಡುಗಳಿಗೆ ನೀರು ನುಗ್ಗಿತು. ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು.

ಅದೇ ದಿನ ಲಾಸ್ ಏಂಜಲೀಸಿನ ಯುಎಸ್‌ಸಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನೆಲ 0.49ರಷ್ಟು ಅಲುಗಿತ್ತು, ಚಾವಣಿ 0.21ರಷ್ಟು ಮಾತ್ರ. ಕೆಲಸ ನಿಲ್ಲಲಿಲ್ಲ. ಅದು ಭೂಕಂಪದ ಕೇಂದ್ರದಿಂದ ದೂರವಿತ್ತು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ಕಡೆ ಅಲುಗಾಟ ಮೇಲೇರುತ್ತ ಹಿಗ್ಗಿತು, ಇನ್ನೊಂದು ಕಡೆ ಕುಗ್ಗಿತು ಎಂಬುದನ್ನು ದೂರದ ಲೆಕ್ಕಕ್ಕೆ ಹಾಕಿ ಬಿಡಲಾಗದು.

ಕಾರಣ ಅನುರಣನ. ಗಿಡ್ಡ, ಬಿಗಿ ಕಟ್ಟಡಗಳು ತಮ್ಮಷ್ಟಕ್ಕೆ ತೂಗಲು ಅರ್ಧ ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತವೆ. ಗಟ್ಟಿ ನೆಲದಲ್ಲಿ ಬರುವ ಅಲೆಗಳ ಜೋರು ಇರುವುದೂ ಬಹುತೇಕ ಆ ಲಯದಲ್ಲೇ. ಯುಎಸ್‌ಸಿ ಆಸ್ಪತ್ರೆಯ ಬುಡದಲ್ಲಿರುವ ಬೇರಿಂಗುಗಳು ಈ ಲಯವನ್ನು ಎರಡು-ಮೂರು ಸೆಕೆಂಡಿನತ್ತ ಎಳೆದು ತಾಳ ತಪ್ಪಿಸುತ್ತವೆ. ರಬ್ಬರು ಮತ್ತು ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಅಂಟಿಸಿದ ದಿಂಡು ಅದು. ಉಕ್ಕಿನಿಂದಾಗಿ ಭಾರಕ್ಕೆ ಕುಸಿಯುವುದಿಲ್ಲ, ರಬ್ಬರಿನಿಂದಾಗಿ ಪಕ್ಕಕ್ಕೆ ಜರುಗುತ್ತದೆ. ನಡುವೆ ಸೀಸದ ಗೂಟವಿಡುವ ಉಪಾಯ ನ್ಯೂಜಿಲೆಂಡಿನ ಬಿಲ್ ರಾಬಿನ್ಸನ್ 1970ರ ದಶಕದಲ್ಲಿ ಕಂಡುಕೊಂಡದ್ದು. ಸೀಸ ಹಿಂಡಿಸಿಕೊಂಡು ಅಲುಗಾಟದ ಶಕ್ತಿಯನ್ನು ಬಿಸಿಯಾಗಿಸಿ ಕಳೆಯುತ್ತದೆ. ಸಾಮಾನ್ಯ ಉಷ್ಣತೆಯಲ್ಲೇ ಅದರ ಹರಳುಗಳು ಮತ್ತೆ ಕೂಡಿಕೊಳ್ಳುವುದರಿಂದ ಮುಂದಿನ ಕಂಪನಕ್ಕೂ ಸಿದ್ಧ. ಎಂಜಿನಿಯರಿಂಗಿನಲ್ಲಿ ಇಷ್ಟು ಸರಳವಾಗಿ ಇಷ್ಟು ಕೆಲಸ ಮಾಡುವ ವಸ್ತು ನನಗೆ ಬೇರೆ ಕಂಡಿಲ್ಲ.

ಹಾಗೆಂದು ಎಲ್ಲೆಡೆ ಸಲ್ಲುವ ಮದ್ದಲ್ಲ. 1985ರ ಭೂಕಂಪದಲ್ಲಿ ಮೆಕ್ಸಿಕೋ ನಗರದ ಹಳೆಯ ಕೆರೆಯಂಗಳದ ಮೆತ್ತನೆ ಮಣ್ಣು ಸುಮಾರು ಎರಡು ಸೆಕೆಂಡಿನ ಲಯದಲ್ಲಿ ತೂಗಿತ್ತು. ಅಂಥ ನೆಲದಲ್ಲಿ ಲಯ ನಿಧಾನಿಸಿದರೆ ತಾಳ ತಪ್ಪುವ ಬದಲು ಕೂಡಿಬಿಡುತ್ತದೆ. ತಯಾರಿಕೆಯ ನಂಬಿಕೆಯೂ ಮುಖ್ಯ: ಜಪಾನಿನ ಟೊಯೊ ಟೈರ್ ಕಂಪನಿ ಬೇರಿಂಗುಗಳ ಪರೀಕ್ಷೆಯ ಅಂಕಿಗಳನ್ನು ತಿದ್ದಿದ್ದು 2015ರಲ್ಲಿ ಬಯಲಾಯಿತು.

ನಮ್ಮಲ್ಲಿ ಭುಜ್‌ನ ಜಿಲ್ಲಾ ಆಸ್ಪತ್ರೆ 2001ರ ಜನವರಿ 26ರ ಭೂಕಂಪದಲ್ಲಿ, ಗಾಯಾಳುಗಳಿಗೆ ಅದು ಅತ್ಯಗತ್ಯವಾಗಿದ್ದ ಗಳಿಗೆಯಲ್ಲೇ, ಕುಸಿಯಿತು. ಅದೇ ಊರಲ್ಲಿ ಹೊಸ ಆಸ್ಪತ್ರೆ ಇದೇ ಸೀಸ-ರಬ್ಬರಿನ ಬೇರಿಂಗುಗಳ ಮೇಲೆ ಎದ್ದಿತು. ಸರಿಯಾದ ತೀರ್ಮಾನ. ಭೂಕಂಪದ ಅಪಾಯ ಹೆಚ್ಚಿರುವ ಕಡೆ, ಮಣ್ಣು ಒಪ್ಪಿದರೆ, ದೊಡ್ಡ ಆಸ್ಪತ್ರೆಗಳಿಗೆ ಇದನ್ನು ಕಡ್ಡಾಯ ಮಾಡಬೇಕೆಂದೇ ನಾನು ವಾದಿಸುವುದು.

ಕಟ್ಟಿ ಕೈತೊಳೆದುಕೊಳ್ಳುವುದಕ್ಕೆ ಮಾತ್ರ ಇಲ್ಲಿ ಅವಕಾಶವಿಲ್ಲ. ಕಟ್ಟಡ ಜರುಗಲು ಸುತ್ತ ಬಿಟ್ಟ ಸಂದಿನಲ್ಲಿ ಯಾರೋ ಕಲ್ಲುಮಣ್ಣು ಸುರಿಯುತ್ತಾರೆ, ಇನ್ಯಾರೋ ಅದರ ಮೇಲೆ ಇಳಿಜಾರು ಕಟ್ಟಿ ಸಿಮೆಂಟು ಬಳಿಯುತ್ತಾರೆ. ಸಂದು ದಾಟುವ ಆಮ್ಲಜನಕದ ಕೊಳವೆಯ ಬಳುಕುವ ಜೋಡಣೆ ಕೆಟ್ಟಾಗ ನೆಟ್ಟನೆಯ ತುಂಡು ಹಾಕಿ ಮುಗಿಸುತ್ತಾರೆ. ಬೆಂಕಿ ಸುರಕ್ಷತೆಯ ತಪಾಸಣೆಗೆ ಬರುವವರ ಪಟ್ಟಿಯಲ್ಲಿ ಈ ಸಂದು, ಈ ಜೋಡಣೆಗಳೂ ಪ್ರತಿವರ್ಷ ಇರಬೇಕು, ಅದಕ್ಕೆ ಸಹಿ ಹಾಕುವ ಅಧಿಕಾರಿಯೊಬ್ಬರೂ ಇರಬೇಕು.